ಮೂಗು ಮಂತ್ರಿಯ ನಲವತ್ತನಾಲ್ಕು ಪುಟಗಳು

ಜೂನ್ 3

ಮಾನ್ಯರೇ, ನಮಸ್ಕಾರ.

ನಾನು ಯಾರೆಂದು ನಿಮಗೆ ಗೊತ್ತಿಲ್ಲ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಹಳೆಯ ಚಿತ್ರಕಥೆಗಳ ಮೂಲ ಪುಟಗಳನ್ನು ಕೊಂಡು ಮಾರುವವಳು. ಅಚ್ಚಾದ ಪುಸ್ತಕಗಳಲ್ಲ, ಚಿತ್ರಕಾರರು ಕೈಯಾರೆ ಶಾಯಿಯಲ್ಲಿ ಬರೆದ, ಪ್ರೆಸ್ಸಿಗೆ ಹೋಗಿ ಬಂದ ದಪ್ಪ ಹಾಳೆಗಳು. "ಇದನ್ನೂ ದುಡ್ಡು ಕೊಟ್ಟು ತಗೊಳ್ಳೋರಿದಾರೇನಮ್ಮಾ?" ಎಂದು ಕೆಳಗಿನ ಸೈಕಲ್ ಯಜಮಾನರು ಏಳು ವರ್ಷದಿಂದ ಕೇಳುತ್ತಲೇ ಇದ್ದಾರೆ. ಇದ್ದಾರೆ ಎಂದು ನಾನೂ ಏಳು ವರ್ಷದಿಂದ ಹೇಳುತ್ತಿದ್ದೇನೆ.

ಹಿಂದೆ ಮಕ್ಕಳ ವಾರಪತ್ರಿಕೆಯಲ್ಲಿ ಬರುತ್ತಿದ್ದ "ಚಿಟಿಕೆ ರಾಜ" ಚಿತ್ರಕಥೆಯ ನಲವತ್ತನಾಲ್ಕು ಪುಟಗಳೂ ಈಗ ನನ್ನ ಕೈಗೆ ಬಂದಿವೆ. ಚಿತ್ರಕಾರರ ಮಗಳು ಎರಡು ಸೂಟ್‌ಕೇಸಿನಲ್ಲಿ ತುಂಬಿಕೊಂಡು ಬಂದು ಕೊಟ್ಟರು. ಬೆರಳೆತ್ತರದ ರಾಜ, ಮಾರುದ್ದ ಮೂಗಿನ ಮಂತ್ರಿ, ಎಲ್ಲ ಇದ್ದಾರೆ. ತೊಂದರೆ ಒಂದೇ. ಪಾತ್ರಗಳ ಬಾಯಿಂದ ಹೊರಡುವ ಮಾತಿನ ಗುಳ್ಳೆಗಳನ್ನು ಬೇರೆ ಕಾಗದದಲ್ಲಿ ಬರೆದು ಅಂಟಿಸಿದ್ದರಲ್ಲ, ಹಳೆಯ ಗೋಂದು ಪುಡಿಯಾಗಿ ಅವುಗಳಲ್ಲಿ ಹನ್ನೊಂದು ಉದುರಿಬಿಟ್ಟಿವೆ. ತಟ್ಟೆಯಲ್ಲಿ ಹಾಕಿಟ್ಟಿದ್ದೇನೆ. "ಅಯ್ಯೋ, ನನ್ನ ಕಿರೀಟ!" ಎನ್ನುವುದು ರಾಜನದೆಂದು ತಿಳಿಯಿತು. "ಹಿಡಿಯಿರಿ ಅವನನ್ನು!" ಎಂದು ಎಲ್ಲರೂ ಎಲ್ಲ ಪುಟದಲ್ಲೂ ಕೂಗುತ್ತಾರೆ.

ಆ ಅಕ್ಷರಗಳನ್ನು ಬರೆದವರು ನೀವೇ ಎಂದು ಪತ್ತೆ ಮಾಡಿದ್ದು "ಳ"ದಿಂದ. ಗುಳ್ಳೆಗಳಲ್ಲಿರುವ ಬಾಲ ಸುತ್ತಿಕೊಂಡ ಅದೇ "ಳ" ನಮ್ಮ ಬೀದಿಯ ಲಾಂಡ್ರಿಯ ಬೋರ್ಡಿನಲ್ಲಿದೆ. ಬೋರ್ಡ್ ಬರೆದವರ ವಿಳಾಸ ಲಾಂಡ್ರಿಯವರು ಕೊಟ್ಟರು. ಯಾವ ಮಾತು ಯಾವ ಪುಟದ್ದು ಎಂದು ನೆನಪಿದ್ದರೆ ತಿಳಿಸುತ್ತೀರಾ? ಒಬ್ಬ ಹಲ್ಲಿನ ಡಾಕ್ಟರು ಎಲ್ಲ ಪುಟಗಳನ್ನೂ ಒಟ್ಟಿಗೆ ಕೊಳ್ಳಲು ಕಾದಿದ್ದಾರೆ. ಇಷ್ಟು ದೊಡ್ಡ ವ್ಯಾಪಾರ ನನ್ನ ಅಂಗಡಿ ಕಂಡಿಲ್ಲ. ಆಗಸ್ಟ್ ಒಳಗೆ ಒಪ್ಪಿಸಬೇಕು.

ಇಂತಿ,
ಚಿತ್ರದ ಅಂಗಡಿಯವಳು


ಜೂನ್ 9

ಅಂಗಡಿಯಮ್ಮನಿಗೆ,

ಗುಳ್ಳೆ ತಿರುಗಿಸಿ ನೋಡಮ್ಮ. ಪ್ರತಿಯೊಂದರ ಬೆನ್ನ ಮೇಲೂ ಪುಟ, ಚಿತ್ರದ ಚೌಕ ಎರಡರ ನಂಬರನ್ನೂ ಬರೆದಿದ್ದೇನೆ. ಏಳು ವರ್ಷ ವ್ಯಾಪಾರ ಮಾಡಿದವಳಿಗೆ ಇದೂ ಹೊಳೆಯಲಿಲ್ಲವೇ!

ಉದುರಿದವೆಲ್ಲ ಹದಿಮೂರನೇ ಪುಟದಿಂದಾಚೆಯವೇ ಇರಬೇಕು, ನೋಡು. ಹನ್ನೆರಡರವರೆಗೆ ನಾನೇ ಮೈದಾ ಅಂಟು ಕಾಯಿಸಿ ಅಂಟಿಸಿದ್ದು. ಪ್ರಳಯ ಬಂದರೂ ಏಳುವುದಿಲ್ಲ. ಆಮೇಲಿನ ಪುಟಗಳನ್ನು ನಾನು ಕಣ್ಣಿನಿಂದಲೂ ನೋಡಿಲ್ಲ. ಮಾತು, ಅಳತೆ ಎರಡೇ ಕಳಿಸಿ ಎಂದು ಆಫೀಸಿಗೆ ಹೇಳಿಬಿಟ್ಟಿದ್ದೆ. ನಾನು ಬರೆದು ಕತ್ತರಿಸಿ ಲಕೋಟೆಯಲ್ಲಿ ಕಳಿಸುತ್ತಿದ್ದೆ, ಅಲ್ಲಿನ ಅಂಟಿನ ಯಜಮಾನ ಅಂಟಿಸುತ್ತಿದ್ದ. ಅವನ ಗೋಂದಿನ ಯೋಗ್ಯತೆ ನಿನ್ನ ತಟ್ಟೆಯಲ್ಲೇ ಇದೆ. ಯಾಕೆ ಹಾಗೆ ಮಾಡಿದೆ ಎಂದು ಕೇಳಬೇಡ. ಆ ಚಿತ್ರದವನ ವಿಷಯ ನನಗೆ ಬೇಡ.

ಟೇಪು ಮಾತ್ರ ಹಚ್ಚಬೇಡ, ಹಾಳೆ ಹಳದಿಯಾಗುತ್ತದೆ.

ಲಾಂಡ್ರಿ ಬೋರ್ಡಿನ ಬಣ್ಣ ಇನ್ನೂ ಚೆನ್ನಾಗಿದೆಯೇ?

ಬೋರ್ಡ್ ಬರೆಯುತ್ತಿದ್ದವನು


ಜೂನ್ 15

ತಾತನವರಿಗೆ,

(ನಿಮ್ಮ ಬೈಗುಳ ನಮ್ಮ ತಾತನದರಂತೆಯೇ ಇತ್ತು, ಹಾಗಾಗಿ ಇನ್ನು ಮುಂದೆ ತಾತ ಎಂದೇ ಕರೆಯುತ್ತೇನೆ.)

ತಿರುಗಿಸಿ ನೋಡಿದೆ, ನಾಚಿಕೆಯೂ ಆಯಿತು. ಎಲ್ಲದರ ಜಾಗ ಸಿಕ್ಕಿತು. ನೀವು ಹೇಳಿದಂತೆ ಹದಿಮೂರರಿಂದಾಚೆಯವೇ. ಲಾಂಡ್ರಿ ಬೋರ್ಡು ನಿನ್ನೆ ಬರೆದ ಹಾಗಿದೆ.

ಇನ್ನೊಂದು ಸಣ್ಣ ವಿಷಯ. ಗುಳ್ಳೆ ಬಿದ್ದ ಜಾಗದಲ್ಲೆಲ್ಲ ಕೆಳಗೆ ತೆಳು ನೀಲಿ ಪೆನ್ಸಿಲಿನಲ್ಲಿ ಏನೇನೋ ಬರೆದಿದೆ. ಹದಿನೈದನೇ ಪುಟದಲ್ಲಿ: "ಮೂಗು ಕಾಲಂಗುಲ ಇಳಿಸಿದೀನಿ. ಅಳತೆ ಹಿಡಿದು ನೋಡು." ಪ್ರೆಸ್ಸಿನವರಿಗೆ ಕೊಟ್ಟ ಸೂಚನೆ ಇರಬೇಕು. ಹಲ್ಲಿನ ಡಾಕ್ಟರಿಗೆ ಪುಟ ಎಂದರೆ ಹಲ್ಲಿನಷ್ಟೇ ಶುಭ್ರವಾಗಿರಬೇಕು. ಭೂತಗನ್ನಡಿ ಹಿಡಿದು ಬಾಯಿ ನೋಡಿದಂತೆ ನೋಡುತ್ತಾರೆ. ಮೆತ್ತನೆಯ ರಬ್ಬರು ತಂದಿಟ್ಟಿದ್ದೇನೆ. ಅಳಿಸಿ, ಮೇಲೆ ಗುಳ್ಳೆ ಅಂಟಿಸಿಬಿಡಲೇ?

ನಿಮ್ಮ ಅಂಗಡಿಯವಳು


ಜೂನ್ 18

ಅಳಿಸಬೇಡ. ರಬ್ಬರು ಕೆಳಗಿಡು. ಕೆಳಗಿಟ್ಟ ಮೇಲೆ ಮುಂದೆ ಓದು.

ಇಟ್ಟೆಯಾ? ಸರಿ. ನೀಲಿ ಪೆನ್ಸಿಲು ಪ್ರೆಸ್ಸಿನ ಕ್ಯಾಮರಾಕ್ಕೆ ಕಾಣುವುದಿಲ್ಲ. ಅದಕ್ಕೇ ಚಿತ್ರದವರು ಖಾಸಗಿ ಟಿಪ್ಪಣಿಗಳನ್ನು ಅದರಲ್ಲಿ ಬರೆಯುತ್ತಾರೆ. ಹಳೆಯ ಸಾಮಾನನ್ನು ಒರೆಸುವ ಮೊದಲು ನಾಲ್ಕು ಸಲ ಯೋಚಿಸಬೇಕು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಹನ್ನೊಂದರ ಕೆಳಗೂ ಏನು ಬರೆದಿದೆ ಎಂದು ಪುಟದ ನಂಬರ್ ಹಾಕಿ ನಕಲು ಮಾಡಿ ಕಳಿಸು. ಅವಸರವೇನಿಲ್ಲ, ಸುಮ್ಮನೆ ಕುತೂಹಲ. ನಾಳೆಯ ಅಂಚೆಗೆ ಹಾಕಿದರೂ ಸಾಕು.


ಜೂನ್ 24

ತಾತನವರಿಗೆ,

ಅವಸರವಿಲ್ಲ ಎಂದು ಮೂರೇ ದಿನದಲ್ಲಿ ಕಾಗದ ಬರೆದವರನ್ನು ನಾನು ನೋಡಿರಲಿಲ್ಲ! ಹನ್ನೊಂದನ್ನೂ ಬೇರೆ ಹಾಳೆಯಲ್ಲಿ ಬರೆದು ಲಗತ್ತಿಸಿದ್ದೇನೆ. ನನಗೆ ಹಿಡಿಸಿದವು ಇವು:

ಪುಟ 13: "ಸಿಟ್ಟು ಬಂತಾ? ಮೂಗು ನೋಡಿ ನಿನಗೇ ಮೊದಲು ನಗು ಬರುತ್ತೆ ಅಂದ್ಕೊಂಡಿದ್ದೆ ಕಣೋ."

ಪುಟ 18: "ಇನ್ನೂ ಕಾಲಂಗುಲ ಇಳಿಸಿದೆ. ಇದಕ್ಕಿಂತ ಕುಯ್ದರೆ ಮಂತ್ರಿಗೆ ಉಸಿರಾಡೋಕಾಗಲ್ಲ."

ಪುಟ 21: "ಸಂಪಾದಕರ ಕೈಕಾಲು ಹಿಡಿದು ಮಂತ್ರೀನ ಒಳ್ಳೆಯವನನ್ನಾಗಿ ಮಾಡಿಸ್ತಿದೀನಿ. ಮುಂದಿನ ವಾರ ರಾಜನ ಜೀವ ಉಳಿಸ್ತಾನೆ. ಸಾಕಾ?"

ಪುಟ 24: "ಭಾನುವಾರ ನಾಲ್ಕು ಗಂಟೆ, ನಮ್ಮ ಟೀ ಅಂಗಡಿ. ಬಾ."

ಪುಟ 25: "ಬರಲಿಲ್ಲ. ಎರಡು ಟೀನೂ ನಾನೇ ಕುಡಿದೆ."

ಪುಟ 33ರಲ್ಲಿ ಒಂದೇ ಒಂದು ಮಾತು: "ತಪ್ಪಾಯ್ತು."

ಇದು ಪ್ರೆಸ್ಸಿನವರಿಗಲ್ಲ ಎಂದು ನನಗೂ ಗೊತ್ತಾಯಿತು. ವಾರ ವಾರ ಇಷ್ಟು ಬೇಡಿಕೊಂಡರೂ ಕರಗದ ಆ ಕಲ್ಲೆದೆಯ ಮಹಾನುಭಾವ ಯಾರೋ! ಸಿಕ್ಕಿದರೆ ಎದುರಿಗೆ ಕೂರಿಸಿಕೊಂಡು ಚೆನ್ನಾಗಿ ನಾಲ್ಕು ಮಾತು ಆಡಬೇಕು.

ಇದರಲ್ಲಿ ತಮಾಷೆಯೂ ಇದೆ. ಪುಟದಿಂದ ಪುಟಕ್ಕೆ ಮಂತ್ರಿಯ ಮೂಗು ನಿಜವಾಗಿಯೂ ಗಿಡ್ಡವಾಗುತ್ತದೆ. ನಮ್ಮ ಸಂಗ್ರಾಹಕರು ಇದಕ್ಕೆ ದೊಡ್ಡ ದೊಡ್ಡ ವ್ಯಾಖ್ಯಾನ ಕೊಟ್ಟಿದ್ದಾರೆ. "ಉದ್ದ ಮೂಗಿನ ಕಾಲ", "ಗಿಡ್ಡ ಮೂಗಿನ ಕಾಲ" ಎಂದು ವಿಭಾಗ ಬೇರೆ! ಉದ್ದ ಮೂಗಿನದಕ್ಕೆ ಬೆಲೆ ಹೆಚ್ಚು. ಚಿತ್ರಕಾರರ ಮನೋಧರ್ಮ ಪಕ್ವವಾಗುತ್ತ ಬಂದದ್ದರ ಗುರುತು ಎಂದು ಹಲ್ಲಿನ ಡಾಕ್ಟರು ಅರ್ಧ ಗಂಟೆ ವಿವರಿಸಿದರು. ನಾನು ಹೂಂಗುಟ್ಟಿದೆ, ಗಿರಾಕಿಯಲ್ಲವೇ.

ನಿಮ್ಮ ಅಂಗಡಿಯವಳು


ಜುಲೈ 10

ಮಗಳೇ,

ಉತ್ತರ ತಡವಾಯಿತು. ಎರಡು ಸಲ ಬರೆದು ಹರಿದುಹಾಕಿದೆ.

ಆ ಕಲ್ಲೆದೆಯ ಮಹಾನುಭಾವ ನಾನೇ. ನಾಲ್ಕು ಮಾತು ಆಡುವುದಿದ್ದರೆ ಆಡು.

ನಾನೂ ಅವನೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಅವನು ಚಿತ್ರ ಬರೆಯುತ್ತಿದ್ದ, ನಾನು ಅಕ್ಷರ. ಪುಟ ನನ್ನ ಬಳಿಗೆ ಬರುವಾಗ ಗುಳ್ಳೆಯ ಜಾಗ ಖಾಲಿ ಇರುತ್ತಿತ್ತಲ್ಲ, ಅಲ್ಲಿ ನೀಲಿ ಪೆನ್ಸಿಲಿನಲ್ಲಿ ಏನಾದರೂ ಕೀಟಲೆ ಬರೆದಿರುತ್ತಿದ್ದ. ಓದಿ, ಹೊಟ್ಟೆ ಹಿಡಿದು ನಕ್ಕು, ಮೇಲೆ ಗುಳ್ಳೆ ಅಂಟಿಸುತ್ತಿದ್ದೆ. ಭಾನುವಾರ ನಾಲ್ಕು ಗಂಟೆಗೆ ಪ್ರೆಸ್ಸಿನ ಎದುರಿನ ಟೀ ಅಂಗಡಿಯಲ್ಲಿ ಅದಕ್ಕೆ ಉತ್ತರ ಹೇಳುತ್ತಿದ್ದೆ.

ಮೂಗು ಮಂತ್ರಿ ಮೊದಲ ಪುಟದಿಂದಲೂ ಇದ್ದ. ರಾಜನ ಕಿರೀಟ ಕದಿಯುವ ಪೆದ್ದ ಖಳ. ಅವನ ಬಾಯಿಗೆ ವಾರವಾರವೂ ಮಾತು ಬರೆದುಕೊಟ್ಟವನು ನಾನು. ಹನ್ನೆರಡನೇ ವಾರ ನನ್ನ ಬೋರ್ಡಿನ ಅಂಗಡಿಗೆ ಒಬ್ಬ ಗಿರಾಕಿ ಬಂದು, "ಮಂತ್ರಿಗಳೇ, ನಮ್ಮ ಬೋರ್ಡ್ ಯಾವಾಗ ಆಗುತ್ತೆ?" ಎಂದ. ಕನ್ನಡಿ ನೋಡಿಕೊಂಡೆ. ಪುಟ ನೋಡಿದೆ. ಮತ್ತೆ ಕನ್ನಡಿ ನೋಡಿಕೊಂಡೆ. ಮೂಗು ನನ್ನದೇ! ಬೀದಿಗೆಲ್ಲ ಗೊತ್ತು, ನನಗೊಬ್ಬನಿಗೆ ಗೊತ್ತಿಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ, ತುದಿಯೋ ಬಹಳ ದೂರ ಇದೆ. ಇನ್ನು ಇವನ ಪುಟ ಮುಟ್ಟುವುದಿಲ್ಲ ಎಂದು ಆಫೀಸಿಗೆ ಹೇಳಿ ಬಂದೆ, ಭಾನುವಾರದ ಟೀಗೂ ಹೋಗಲಿಲ್ಲ. ಕಥೆ ಮುಗಿದ ಮೇಲೆ ಊರೂ ಬಿಟ್ಟೆ. ಮೂವತ್ತೊಂದು ವರ್ಷ, ಒಂದು ಸಲ ಬಂದು ತಪ್ಪಾಯಿತು ಅನ್ನಲಿಲ್ಲವಲ್ಲ ಎಂದು ಹಲ್ಲು ಕಡಿದುಕೊಂಡೇ ಕಳೆದೆ.

ಅವನು ಅಂದಿದ್ದಾನೆ. ನಾನು ಬರೆದ ಗುಳ್ಳೆಗಳೇ ಅವನ ಮಾತನ್ನು ಮುಚ್ಚಿಕೊಂಡು ಕೂತಿದ್ದವು.

ಅವನು ಹೋಗಿಬಿಟ್ಟ ಎಂದು ನಿನ್ನ ಮೊದಲ ಕಾಗದದಲ್ಲೇ ಗೊತ್ತಾಯಿತು. ಬದುಕಿರುವವನು ಪುಟಗಳನ್ನು ಮಗಳ ಕೈಯಲ್ಲಿ ಹೊರಗೆ ಕಳಿಸುವ ಪೈಕಿಯಲ್ಲ. ಕೇಳಲು ಧೈರ್ಯ ಬರಲಿಲ್ಲ, ಈಗ ಕೇಳುತ್ತೇನೆ. ಯಾವಾಗ ಹೋದ? ತುಂಬಾ ನರಳಿದನೇ?

ತಾತ


ಜುಲೈ 13

ಅಯ್ಯೋ ತಾತಾ!

ಬಿಡ್ತು ಅನ್ನಿ! ಅವರು ಗುಂಡುಕಲ್ಲಿನ ಹಾಗಿದ್ದಾರೆ. ಮೊನ್ನೆ ಶುಕ್ರವಾರ ಬಂದು ನನ್ನ ಮೆಟ್ಟಿಲು ಕಡಿದು ಅಂತ ಬೈದು, ನನ್ನ ಬಿಸ್ಕತ್ತೆಲ್ಲ ತಿಂದು ಹೋದರು. ಮಗಳು ಪುಟ ತಂದದ್ದು ಸೂಟ್‌ಕೇಸು ಭಾರವೆಂದು ಮಾತ್ರ. ನಾನು ಹೇಳಲಿಲ್ಲ, ನೀವು ಕೇಳಲಿಲ್ಲ. ಇಷ್ಟು ದಿನ ನಿಮ್ಮಿಂದ ಇಲ್ಲದ ಸೂತಕ ಮಾಡಿಸಿದ ಹಾಗಾಯಿತು, ಕ್ಷಮಿಸಿ.

ಯಾಕೆ ಮಾರುತ್ತೀರಿ ಎಂದು ಮೊದಲ ದಿನವೇ ಕೇಳಿದ್ದೆ. "ಇದನ್ನ ಒಬ್ಬ ಓದಲಿ ಅಂತ ಬರೆದೆನಮ್ಮಾ. ಅವನು ಓದಿ, ಮೇಲೆ ಕಾಗದ ಅಂಟಿಸಿ, ಸುಮ್ಮನಾಗಿಬಿಟ್ಟ. ಇನ್ನು ಯಾರ ಗೋಡೇಲಿದ್ರೇನು?" ಅಂದಿದ್ದರು. ಆಗ ನನಗೆ ಅರ್ಥವಾಗಿರಲಿಲ್ಲ. ನೀವು ಒಂದೊಂದನ್ನೂ ಓದಿದ್ದೀರಿ, ಓದಿಯೂ ಮುಚ್ಚಿದ್ದೀರಿ ಎಂದೇ ಅವರು ಮೂವತ್ತೊಂದು ವರ್ಷದಿಂದ ತಿಳಿದಿದ್ದಾರೆ.

ಹೇಳಿಬಿಡಲೇ? ಮುಂದಿನ ಶುಕ್ರವಾರ ಬರುತ್ತಾರೆ. ಆಗಸ್ಟ್ ಮೊದಲ ವಾರ ಹಲ್ಲಿನ ಡಾಕ್ಟರು ಪುಟಗಳನ್ನು ಒಯ್ಯುತ್ತಾರೆ. ಅವರು ಒಯ್ದರೆ ಗಾಜು ಹಾಕಿ ಬಿಗಿದುಬಿಡುತ್ತಾರೆ, ಆಮೇಲೆ ಯಾರೂ ಏನೂ ಓದುವ ಹಾಗಿಲ್ಲ.

ಅಂಗಡಿಯವಳು


ಜುಲೈ 16

ಮಗಳೇ,

ಹೇಳಬೇಡ.

ಬದುಕಿದ್ದಾನೆ ಎಂದು ಓದಿದಾಗ ಕುರ್ಚಿಯಿಂದ ಎದ್ದು ಮನೆಯೆಲ್ಲ ಎರಡು ಸುತ್ತು ಹಾಕಿದೆ. ಅಳು ಬಂತು, ಮುಚ್ಚಿಡುವುದೇನು. ಆದರೆ ಯಾವ ಮುಖ ಹೊತ್ತು ಬರಲಿ? ಸತ್ತಿದ್ದಾನೆ ಅಂದುಕೊಂಡಾಗ ಕ್ಷಮೆ ಕೇಳುವುದು ಸುಲಭವಾಗಿತ್ತು. ಬದುಕಿರುವವನು ಎದುರು ಮಾತಾಡುತ್ತಾನೆ, ಅದೂ ಅವನು! ಬೇಡ. ಪುಟಗಳು ಡಾಕ್ಟರ ಮನೆ ಸೇರಲಿ. ನಿನ್ನ ವ್ಯಾಪಾರ ಕೆಡುವುದು ಬೇಡ.

ತಾತ

ಮಗೂ, ಇವರ ಹೆಂಡತಿ ನಾನು, ಕೆಳಗಿನ ಜಾಗದಲ್ಲಿ ಎರಡು ಸಾಲು ಬರೆಯುತ್ತಿದ್ದೇನೆ. ನಿನ್ನ ವ್ಯಾಪಾರದ ಮೇಲಿನ ಕಾಳಜಿಯಲ್ಲ ಇದು, ಬರೀ ಹೆದರಿಕೆ. ಸಿಟ್ಟಿನಲ್ಲಿ ಕುಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಅಂತ ಗಾದೆ ಹೇಳ್ತಾರೆ. ನಮ್ಮವರದು ಯಾರೂ ಕುಯ್ದಿಲ್ಲ, ಇದ್ದಲ್ಲೇ ಇದೆ. ಬೆಳಿಗ್ಗೆಯಿಂದ ಕನ್ನಡಿ ಮುಂದೆ ಸ್ಕೇಲು ಹಿಡಿದು ಅಳೆಯುತ್ತಿದ್ದಾರೆ. ಹಳೆಯ ಕುಂಚದ ಪೆಟ್ಟಿಗೆ ಅಟ್ಟದಿಂದ ಇಳಿಸಿಕೊಂಡಿದ್ದಾರೆ. ನಾಲ್ಕು ದಿನ ತಡಿ.


ಜುಲೈ 20

ಮಗಳೇ,

ಅವಳು ಬರೆದದ್ದನ್ನು ನಂಬಬೇಡ, ಅಳೆದದ್ದು ಒಂದೇ ಸಲ.

ಈ ಲಕೋಟೆಯಲ್ಲಿ ಹನ್ನೊಂದು ಹೊಸ ಗುಳ್ಳೆಗಳಿವೆ. ಕುಂಚ ಹಿಡಿದು ಬಹಳ ದಿನವಾಯಿತು, "ಳ"ದ ಬಾಲ ಮೊದಲಿನಷ್ಟು ಸುತ್ತಿಕೊಳ್ಳಲಿಲ್ಲ. ಬೆನ್ನ ಮೇಲೆ ಪುಟದ ನಂಬರ್ ಇದೆ. ಈ ಸಲ ತಿರುಗಿಸಿ ನೋಡು. ಒಂದೊಂದನ್ನೂ ಅದರದರ ನೀಲಿ ಬರಹದ ಪಕ್ಕದಲ್ಲಿ ಇಡು, ಮೇಲೆ ಅಲ್ಲ. ಶುಕ್ರವಾರ ಅವನನ್ನು ಕೂರಿಸು. ನೀನೇನೂ ಹೇಳಬೇಡ. ಓದಿಕೊಳ್ಳಲಿ.

ತಾತ


ಜುಲೈ 27

ತಾತಾ,

ಎಲ್ಲವನ್ನೂ ಇದ್ದ ಹಾಗೆ ಬರೆಯುತ್ತೇನೆ.

ಪುಟಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟೆ, ನನ್ನ ಕೋಣೆಯಲ್ಲಿ ಅಷ್ಟು ದೊಡ್ಡ ಮೇಜಿಲ್ಲ. ಅವರು ಬಂದರು, ಮೆಟ್ಟಿಲಿಗೆ ಬೈದರು, ಬಿಸ್ಕತ್ತು ತೆಗೆದುಕೊಂಡರು, ಆಮೇಲೆ ಕೆಳಗೆ ನೋಡಿದರು. "ಇದು ಅವನ ಅಕ್ಷರ," ಅಂದರು. ಬಿಸ್ಕತ್ತು ಕೈಯಲ್ಲೇ ಉಳಿಯಿತು.

ಮೊಣಕಾಲೂರಿ ಕೂತು ಹದಿಮೂರರಿಂದ ಶುರು ಮಾಡಿದರು. ಅಲ್ಲಿ ನಿಮ್ಮ ಗುಳ್ಳೆ: "ನಾನು ಇದನ್ನು ಓದಿದ್ದು ಈ ಜೂನ್ ತಿಂಗಳಲ್ಲಿ. ಹದಿಮೂರರಿಂದಾಚೆ ಪುಟ ನನ್ನ ಬಳಿ ಬರಲೇ ಇಲ್ಲ. ಅಂಟಿಸಿದವನು ಆಫೀಸಿನವನು. ಈಗ ನಗು ಬಂತು." ಅದನ್ನು ಮೂರು ಸಲ ಓದಿದರು. ನಾಲ್ಕನೇ ಸಲ ಗೋಡೆ ಅದುರುವಂತೆ ಕೂಗಿದರು: "ಹಾಗಾದ್ರೆ ನಾನು ಮೂವತ್ತೆರಡು ವಾರ ಆ ಅಂಟಿನ ಯಜಮಾನನಿಗೆ ಕ್ಷಮೆ ಕೇಳ್ತಿದ್ದೆನಾ? ಅದಕ್ಕೇ ಅವನು ಆಫೀಸಲ್ಲಿ ನನ್ನ ಕಂಡ್ರೆ ಅಷ್ಟು ಮರುಗ್ತಿದ್ದ!" ಕೆಳಗಿನಿಂದ ಸೈಕಲ್ ಯಜಮಾನರು ಏನಾಯಿತೆಂದು ಓಡಿಬಂದರು.

ಹದಿನೈದರಲ್ಲಿ ನಿಮ್ಮ "ಅಳೆದೆ. ಸರಿಯಾಗಿದೆ" ಓದಿ ನಕ್ಕರು. ಇಪ್ಪತ್ತೊಂದರ "ಸಾಕು" ಓದಿ ತಲೆಯಾಡಿಸಿದರು. ಇಪ್ಪತ್ತೈದರಲ್ಲಿ "ಗೊತ್ತಿದ್ದರೆ ಓಡಿ ಬರುತ್ತಿದ್ದೆ ಕಣೋ" ಎಂದು ಬರೆದಿದ್ದಿರಲ್ಲ, ಅಲ್ಲಿ ಬಿಸ್ಕತ್ತನ್ನು ಕೆಳಗಿಟ್ಟರು. ಮೂವತ್ತಮೂರರಲ್ಲಿ ಅವರ "ತಪ್ಪಾಯ್ತು" ಪಕ್ಕದಲ್ಲಿ ನಿಮ್ಮ "ನನ್ನದೂ" ನೋಡಿ ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಒರೆಸುತ್ತಲೇ ಕೂತರು. ನಾನೂ ಸೈಕಲ್ ಯಜಮಾನರೂ ಕಿಟಕಿಯ ಹೊರಗೆ ನೋಡಿದೆವು. ಯಜಮಾನರು, "ಇದನ್ನ ಯಾಕೆ ಜನ ತಗೋತಾರೆ ಅಂತ ಇವತ್ತು ಗೊತ್ತಾಯ್ತಮ್ಮ," ಅಂದರು.

ಆಮೇಲೆ ಚಿತ್ರದ ತಾತ ಎದ್ದು, "ಇದು ಮಾರಾಟಕ್ಕಿಲ್ಲ," ಅಂದುಬಿಟ್ಟರು. ಸುಳ್ಳು ಯಾಕೆ, ವರ್ಷದ ವ್ಯಾಪಾರ ಹೋಯಿತಲ್ಲ ಎಂದು ಸಂಕಟವಾಯಿತು. ಕೊನೆಗೆ ಉಪಾಯ ಹೊಳೆದದ್ದೂ ನಿಮ್ಮ ಮೂಗಿನಿಂದಲೇ. ಡಾಕ್ಟರಿಗೆ ಫೋನ್ ಮಾಡಿ, "ಉದ್ದ ಮೂಗಿನ ಕಾಲದ ಹನ್ನೆರಡು ಪುಟ ಮಾತ್ರ ಬಿಡ್ತಾರಂತೆ, ಒಂದು ಗುಳ್ಳೆಯೂ ಅಲ್ಲಾಡಿಲ್ಲ," ಅಂದೆ. ಅವರು ಅಷ್ಟಕ್ಕೇ ಕುಣಿದಾಡಿದರು. ಗಿಡ್ಡ ಮೂಗು ಅವರಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ನಿಮ್ಮ ಮೈದಾ ಅಂಟು ನನ್ನ ಅಂಗಡಿಯನ್ನು ಕಾಪಾಡಿತು.

ಈ ಪಾರ್ಸಲಿನಲ್ಲಿರುವುದು ನಲವತ್ತನಾಲ್ಕನೇ ಪುಟ, ಕೊನೆಯದು. ಅದರ ಗುಳ್ಳೆ ಉದುರಿಲ್ಲ. ಅಂಟಿನ ಯಜಮಾನರು ಕೊನೆಯ ವಾರವೆಂದು ಧಾರಾಳವಾಗಿ ಗೋಂದು ಸುರಿದಿದ್ದಾರೆ, ಕಲ್ಲಾಗಿದೆ. ಕೆಳಗೆ ಏನಿದೆ ಎಂದು ಕೇಳಿದರೆ ಚಿತ್ರದ ತಾತ ಹೇಳಲಿಲ್ಲ. "ಅವನೇ ಎಬ್ಬಿಸಲಿ. ಈ ಪುಟವಾದರೂ ಅವನ ಕೈಗೆ ಹೋಗಲಿ," ಅಂದರು.

ನಿಮ್ಮ ಅಂಗಡಿಯವಳು


ಆಗಸ್ಟ್ 2

ಮಗಳೇ,

ಗುಳ್ಳೆಯ ಮೇಲೆ ಒದ್ದೆ ಬ್ಲಾಟಿಂಗ್ ಪೇಪರ್ ಇಟ್ಟು ಮೂರು ಗಂಟೆ ಕಾದೆ. ನನ್ನಾಕೆ ಗಡಿಯಾರ ಹಿಡಿದು ಪಕ್ಕದಲ್ಲೇ ನಿಂತು, "ಎಳೀಬೇಡಿ, ಎಳೀಬೇಡಿ," ಎಂದು ಜೀವ ತಿಂದಳು. ಗುಳ್ಳೆ ಇಡಿಯಾಗಿ ಬಂತು. ಅದರಲ್ಲಿ ನಾನೇ ಬರೆದ "ಇಲ್ಲಿಗೆ ಎಲ್ಲರಿಗೂ ನೆಮ್ಮದಿಯಾಯಿತು" ಇತ್ತು. ಅದರ ಕೆಳಗೆ ನೀಲಿಯಲ್ಲಿ ಹೀಗಿತ್ತು:

"ಕಥೆ ಮುಗೀತು ಕಣೋ. ಮುಂದಿನ ವಾರದಿಂದ ಪುಟ ಇಲ್ಲ, ನಿನಗೆ ಬರೆಯೋಕೆ ಜಾಗ ಇಲ್ಲ. ಆದ್ರೆ ಭಾನುವಾರಗಳು ಮುಗಿಯಲ್ಲವಲ್ಲ. ನಾಲ್ಕು ಗಂಟೆ."

ಭಾನುವಾರ ಬೆಳಗಿನ ಬಸ್ಸಿಗೆ ಟಿಕೆಟ್ ತೆಗೆಸಿದ್ದೇನೆ. ಅವನಿಗೆ ಹೇಳಬೇಡ. ಬರುತ್ತಾನೋ ಇಲ್ಲವೋ ನೋಡುತ್ತೇನೆ. ಬರದಿದ್ದರೆ ಎರಡು ಟೀ ನಾನು ಕುಡಿಯುತ್ತೇನೆ, ಅದೇ ನ್ಯಾಯ.

ತಾತ


ಆಗಸ್ಟ್ 10

ಮಗಳೇ,

ಹೇಳಬೇಡ ಎಂದರೂ ನೀನು ಹೇಳಿದ್ದೀಯಾ ಎಂದು ಅನುಮಾನವಿತ್ತು. ಹೇಳಿಲ್ಲವೆಂದು ಅವನು ಆಣೆ ಮಾಡಿದ. ಪುಟ ಕಳಿಸಿದ ಮೇಲೆ ಪ್ರತಿ ಭಾನುವಾರವೂ ಹೋಗಿ ಕೂರುವುದೆಂದು ಅವನೇ ತೀರ್ಮಾನ ಮಾಡಿದ್ದನಂತೆ.

ಆ ಟೀ ಅಂಗಡಿ ಈಗ ಇಲ್ಲ. ಅಲ್ಲಿ ಚಪ್ಪಲಿ ಅಂಗಡಿ ಬಂದಿದೆ. ನಾನು ಮೂಲೆ ತಿರುಗಿದಾಗ ನಾಲ್ಕೂ ಐದು. ಅಂಗಡಿಯ ಮುಂದೆ ಚಪ್ಪಲಿ ಹಾಕಿ ನೋಡುವ ಎರಡು ಸ್ಟೂಲು, ಒಂದರ ಮೇಲೆ ಅವನು, ಇನ್ನೊಂದರ ಮೇಲೆ ಫ್ಲಾಸ್ಕು ಮತ್ತು ಎರಡು ಲೋಟ. ಕೂದಲೆಲ್ಲ ಹೋಗಿದೆ. ಕೂತ ಭಂಗಿ ಮಾತ್ರ ಅದೇ, ಶಾಲೆಯ ಬೆಂಚಿನ ಮೇಲೆ ಕೂತ ಹಾಗೆ. ಬಸ್ಸಿನಲ್ಲಿ ಏಳು ಗಂಟೆ ಕೂತು ಕಲಿತುಕೊಂಡ ಮಾತೆಲ್ಲ ಮರೆತು ಹತ್ತಿರ ಹೋಗಿ ನಿಂತೆ.

ಅವನು ನನ್ನನ್ನು ನೋಡಿದ. ಮೊದಲು ಮೂಗನ್ನು, ಆಮೇಲೆ ನನ್ನನ್ನು. ಫ್ಲಾಸ್ಕು ಎತ್ತಿ ಕೆಳಗಿಟ್ಟು ಸ್ಟೂಲು ಖಾಲಿ ಮಾಡಿದ.

"ತಡ ಮಾಡಿದೆ," ಅಂದ.

"ಅಂಟು ಗಟ್ಟಿ ಇತ್ತು ಕಣೋ," ಅಂದೆ.

ಟೀ ಇನ್ನೂ ಬಿಸಿ ಇತ್ತು.

ತಾತ